ಮೈಸೂರಿನ ಸರಕು ಮಂಗಳೂರು ಬಿಟ್ಟು ಚೆನ್ನೈಗೆ ಯಾಕೆ ಹೋಗುತ್ತದೆ?

ಮೈಸೂರು–ನಂಜನಗೂಡು ರಸ್ತೆಯ ಕಡಕೊಳಕ್ಕೆ ‘ಒಣ ಬಂದರು’ ಬಂದಿದೆ ಎಂದು ಓದಿದವರಿಗೆ ಮೊದಲು ಹುಟ್ಟುವ ಪ್ರಶ್ನೆ: ಸಮುದ್ರವೇ ಇಲ್ಲದ ಊರಿಗೆ ಬಂದರು ಹೇಗೆ? ಸ್ವಲ್ಪ ಮುಂದಕ್ಕೆ ಓದಿದರೆ ಇನ್ನೊಂದು ಗೊಂದಲ. ಮೈಸೂರಿನಿಂದ ಮಂಗಳೂರು ಹೆಚ್ಚುಕಡಿಮೆ 250 ಕಿಲೋಮೀಟರ್. ಚೆನ್ನೈ ಅದರ ಎರಡರಷ್ಟು ದೂರ. ಮಂಗಳೂರು ನಮ್ಮ ರಾಜ್ಯದ್ದೇ, ಕೇಂದ್ರ ಸರ್ಕಾರದ ದೊಡ್ಡ ಬಂದರುಗಳಲ್ಲಿ ಒಂದು. ಆದರೂ ಮೈಸೂರು, ನಂಜನಗೂಡು ಕಡೆಯ ಕಾರ್ಖಾನೆಗಳು ವಿದೇಶಕ್ಕೆ ಸರಕು ಕಳಿಸುವಾಗ ಹೆಚ್ಚಾಗಿ ಚೆನ್ನೈ ಕಡೆಗೇ ಮುಖ ಮಾಡುತ್ತವೆ.

ಈ ಮಧ್ಯೆ ಮೈಸೂರು–ಕುಶಾಲನಗರ ನಾಲ್ಕು ಪಥದ ಹೆದ್ದಾರಿ, ಅದೇ ದಾರಿಯ ರೈಲು ಮಾರ್ಗ, ಶಿರಾಡಿ ಘಾಟಿಯ ಭೂಕುಸಿತ ಎಂದು ಸುದ್ದಿಗಳು ಬರುತ್ತಲೇ ಇರುತ್ತವೆ. ಹೆದ್ದಾರಿ ಆದರೆ ಮಂಗಳೂರು ಬಂದರು ಮೈಸೂರಿಗೆ ಹತ್ತಿರವಾಗುತ್ತದೆ ಎಂದು ಕೆಲವರು ಹೇಳುತ್ತಾರೆ. ಏನೂ ಆಗುವುದಿಲ್ಲ ಎಂದು ಇನ್ನು ಕೆಲವರು. ಯಾರ ಮಾತು ಸರಿ ಎಂದು ತಿಳಿಯಬೇಕಾದರೆ ಮಂಗಳೂರು ಹೇಗೆ ಬಂದರಾಯಿತು, ಮೈಸೂರಿನ ಕೈಗೆ ಹೇಗೆ ಬಂತು, ಹೇಗೆ ತಪ್ಪಿಹೋಯಿತು ಎನ್ನುವಲ್ಲಿಂದ ಶುರು ಮಾಡಬೇಕು.

ಒಣ ಬಂದರು ಅಂದರೆ

ಮೊದಲು ಸಣ್ಣ ಪ್ರಶ್ನೆ ಮುಗಿಸೋಣ. ಬಂದರಿನಲ್ಲಿ ಆಗುವ ಕಾಗದಪತ್ರದ ಕೆಲಸವನ್ನು ಒಳನಾಡಿನಲ್ಲೇ ಮುಗಿಸುವ ಜಾಗವೇ ಒಣ ಬಂದರು. ಕಾರ್ಖಾನೆಯಿಂದ ಸರಕು ಬರುತ್ತದೆ, ಕಂಟೇನರ್‌ಗೆ ತುಂಬುತ್ತಾರೆ, ಕಸ್ಟಮ್ಸ್ ಅಧಿಕಾರಿಗಳು ನೋಡಿ ಸೀಲ್ ಹಾಕುತ್ತಾರೆ. ಆಮೇಲೆ ಅದು ರೈಲಿನಲ್ಲೋ ಲಾರಿಯಲ್ಲೋ ನೇರವಾಗಿ ಹಡಗಿನ ಬಳಿಗೆ ಹೋಗುತ್ತದೆ. ಕಡಕೊಳದಲ್ಲಿ ರೈಲ್ವೆಗೆ ಸೇರಿದ ಕಾನ್ಕಾರ್ ಕಂಪನಿ ಇಂಥ ತಾಣ ಕಟ್ಟಿದೆ. ಚಾಮರಾಜನಗರದ ರೈಲು ಮಾರ್ಗ ಪಕ್ಕದಲ್ಲೇ ಇದೆ.

ಇಲ್ಲಿ ಒಂದು ತೊಡಕಿದೆ. ಒಂದು ಪೂರ್ಣ ಕಂಟೇನರ್ ರೈಲಿನಲ್ಲಿ ಸಾಮಾನ್ಯವಾಗಿ 45 ವ್ಯಾಗನ್ ಇರುತ್ತವೆ. 20 ಅಡಿಯ 90 ಪೆಟ್ಟಿಗೆ ಹಿಡಿಯುತ್ತವೆ. ಐದಾರು ಪೆಟ್ಟಿಗೆ ಇರುವ ಒಬ್ಬ ರಫ್ತುದಾರ ರೈಲು ತುಂಬುವವರೆಗೆ ಕಾಯಬೇಕು, ಇಲ್ಲವೇ ಲಾರಿ ಮಾಡಬೇಕು. ಒಂದೇ ಬಂದರಿಗೆ ಹೋಗುವ ಸರಕು ಹೆಚ್ಚಿದ್ದರೆ ರೈಲು ಬೇಗ ತುಂಬುತ್ತದೆ. ಹಾಗಾಗಿ ಎಲ್ಲರೂ ಹೋಗುವ ಕಡೆಗೇ ಇನ್ನೊಬ್ಬರೂ ಹೋಗುತ್ತಾರೆ. ಈ ಮಾತು ಮುಂದೆಯೂ ಬರುತ್ತದೆ.

ಎರಡು ನದಿ, ಒಂದು ಅಳಿವೆ

ಮಂಗಳೂರನ್ನು ತುಳುವಿನಲ್ಲಿ ಕುಡ್ಲ ಅಂತಾರೆ. ಕೂಡುವ ಜಾಗ ಎಂದು ಅರ್ಥ. ಕೊಂಕಣಿಯವರಿಗೆ ಅದು ಕೋಡಿಯಾಲ್, ಬ್ಯಾರಿಗಳಿಗೆ ಮೈಕಾಲ. ಇಷ್ಟು ಹೆಸರು ಇರುವುದೇ ಅಲ್ಲಿಗೆ ಎಷ್ಟು ಬಗೆಯ ಜನ ಬಂದು ನೆಲೆಸಿದರು ಎನ್ನುವುದನ್ನು ತೋರಿಸುತ್ತದೆ. ನೇತ್ರಾವತಿ ಮತ್ತು ಗುರುಪುರ ನದಿಗಳು ಅಲ್ಲಿ ಕೂಡಿ, ಬೆಂಗ್ರೆಯ ಮರಳ ದಂಡೆಯ ಹಿಂದೆ ಶಾಂತವಾದ ನೀರು ಮಾಡಿ, ಅಳಿವೆಯ ಮೂಲಕ ಸಮುದ್ರ ಸೇರುತ್ತವೆ. ಹಾಯಿ ಹಡಗುಗಳಿಗೆ ಅದು ತಾನಾಗಿ ಒದಗಿದ ಬಂದರು.

6ನೇ ಶತಮಾನದ ಗ್ರೀಕ್ ಬರಹವೊಂದರಲ್ಲಿ ಮಂಗಳೂರು ಮೆಣಸಿನ ಬಂದರುಗಳ ಪಟ್ಟಿಯಲ್ಲಿದೆ. ಆಳುಪ ಅರಸರಿಗೆ ಇದು ರಾಜಧಾನಿಯೂ ಆಗಿತ್ತು. 14ನೇ ಶತಮಾನದಲ್ಲಿ ಬಂದ ಇಬ್ನ್ ಬತೂತಾ ಇಲ್ಲಿ ಪರ್ಷಿಯಾ ಮತ್ತು ಯೆಮೆನ್‌ನ ವ್ಯಾಪಾರಿಗಳನ್ನು ಕಂಡ. ಮೆಣಸು, ಶುಂಠಿ ಹೇರಳವಾಗಿವೆ ಎಂದು ಬರೆದ. ವಿಜಯನಗರದವರು ಕರಾವಳಿಯನ್ನು ಮಂಗಳೂರು ರಾಜ್ಯ, ಬಾರಕೂರು ರಾಜ್ಯ ಎಂದು ಎರಡು ಭಾಗ ಮಾಡಿ ಆಳಿದರು. ಆಮೇಲೆ ಪೋರ್ಚುಗೀಸರು ಬಂದರು, ಕೋಟೆ ಕಟ್ಟಿದರು. ಕೆಳದಿ ನಾಯಕರು ಅವರೊಡನೆ ಒಮ್ಮೆ ಕಾದಾಡಿ, ಒಮ್ಮೆ ಒಪ್ಪಂದ ಮಾಡಿಕೊಂಡು ಅಕ್ಕಿಯ ವ್ಯಾಪಾರ ನಡೆಸಿದರು. ಕರಾವಳಿಯ ಅಕ್ಕಿ ಗೋವಾಕ್ಕೂ ಹೋಗುತ್ತಿತ್ತು, ಮಸ್ಕತ್‌ಗೂ ಹೋಗುತ್ತಿತ್ತು.

ಇದರಲ್ಲಿ ಗಮನಿಸಬೇಕಾದ್ದು ಒಂದಿದೆ. ಮಂಗಳೂರಿನಿಂದ ಹೋದ ಸರಕಿನಲ್ಲಿ ಅಕ್ಕಿ ಗದ್ದೆ ಬಯಲಿನದು. ಮೆಣಸು, ಏಲಕ್ಕಿ, ಶ್ರೀಗಂಧ ಬಂದದ್ದು ಘಟ್ಟದಿಂದ ಮತ್ತು ಘಟ್ಟದ ಮೇಲಿನಿಂದ. ಎತ್ತಿನ ಮೇಲೆ ಹೇರಿಕೊಂಡು ಇಳಿಸುತ್ತಿದ್ದರು. ಕೆಳಗಿನ ಬಂದರಿಗೆ ಮೇಲಿನ ನಾಡು ಬೇಕು, ಮೇಲಿನ ನಾಡಿಗೆ ಕೆಳಗಿನ ಬಂದರು ಬೇಕು. ಈ ನಂಟು ಅಷ್ಟು ಹಳೆಯದು.

ಶ್ರೀರಂಗಪಟ್ಟಣಕ್ಕೆ ಕಡಲು ಸಿಕ್ಕ 36 ವರ್ಷ

1763ರಲ್ಲಿ ಹೈದರ್ ಅಲಿ ಕೆಳದಿ ನಾಯಕರ ಬಿದನೂರನ್ನು ಗೆದ್ದ. ಅದರ ಬೆನ್ನಿಗೇ ಮಂಗಳೂರೂ ಕೈಗೆ ಬಂತು. ಅದುವರೆಗೆ ಮೈಸೂರು ಒಳನಾಡಿನ ರಾಜ್ಯ. ಕುದುರೆ, ಬಂದೂಕು, ಮದ್ದುಗುಂಡು ಏನು ಬೇಕಾದರೂ ಬೇರೆಯವರ ನೆಲ ದಾಟಿಯೇ ಬರಬೇಕಿತ್ತು. ಮಂಗಳೂರು ಸಿಕ್ಕ ಮೇಲೆ ಲೆಕ್ಕವೇ ಬದಲಾಯಿತು. ಹೈದರ್ ಅಲ್ಲಿ ಹಡಗು ಕಟ್ಟಿಸಲು ತೊಡಗಿದ. ಟಿಪ್ಪು ಮಸ್ಕತ್‌ನಲ್ಲಿ ಮೈಸೂರಿನ ವ್ಯಾಪಾರದ ಕೋಠಿಯನ್ನೇ ನಡೆಸಿದ. ಶ್ರೀಗಂಧ, ಮೆಣಸು, ಏಲಕ್ಕಿ ಹೋಗುವುದು, ಬೇಕಾದ್ದು ಬರುವುದು. ಇಂದಿನ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣದಿಂದ ಅರಬ್ಬಿ ಸಮುದ್ರದ ಆಚೆಯ ಮಾರುಕಟ್ಟೆವರೆಗೆ ಒಂದೇ ಆಡಳಿತದ ದಾರಿ ಇದ್ದ ಕಾಲ ಅದು.

ಬ್ರಿಟಿಷರಿಗೂ ಇದರ ಬೆಲೆ ಗೊತ್ತಿತ್ತು. 1768ರಲ್ಲಿ ಮಂಗಳೂರನ್ನು ಹಿಡಿದರು, ಕೆಲವೇ ತಿಂಗಳಲ್ಲಿ ಕಳೆದುಕೊಂಡರು. 1783ರಲ್ಲಿ ಮತ್ತೆ ಹಿಡಿದರು. ಟಿಪ್ಪು ತಿಂಗಳುಗಟ್ಟಲೆ ಕೋಟೆಗೆ ಮುತ್ತಿಗೆ ಹಾಕಿ ಬಿಡಿಸಿಕೊಂಡ. 1784ರ ಮಾರ್ಚ್ 11ರಂದು ಮಂಗಳೂರು ಒಪ್ಪಂದ ಆಯಿತು. ಬೋಳೂರಿನಲ್ಲಿ ಇವತ್ತಿಗೂ ನಿಂತಿರುವ ಸುಲ್ತಾನ್ ಬತ್ತೇರಿ ಹಡಗುಗಳ ಮೇಲೆ ಕಣ್ಣಿಡಲು ಆ ಕಾಲದಲ್ಲೇ ಕಟ್ಟಿದ್ದು. ಈ ಕತೆಗೆ ನೋವಿನ ಮುಖವೂ ಇದೆ. ಅದೇ 1784ರಲ್ಲಿ ಕರಾವಳಿಯ ಸಾವಿರಾರು ಕ್ಯಾಥೋಲಿಕರನ್ನು ಸೆರೆ ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಕರೆದೊಯ್ಯಲಾಯಿತು. ದಾರಿಯಲ್ಲೇ ಸತ್ತವರು, ಸೆರೆಯಲ್ಲಿ ಸತ್ತವರು ಬಹಳ ಮಂದಿ. ಉಳಿದವರು ಊರು ಕಂಡದ್ದು 1799ರ ನಂತರ. ಬಂದರಿಗಾಗಿ ನಡೆದ ಯುದ್ಧದ ಬೆಲೆಯನ್ನು ಬಂದರಿನ ಜನ ತೆತ್ತರು.

1799ರಲ್ಲಿ ಬಿದ್ದ ಗೆರೆ

1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಬ್ರಿಟಿಷರು ಮೈಸೂರನ್ನು ಒಡೆಯರ ಮನೆತನಕ್ಕೆ ಕೊಟ್ಟರು. ಆದರೆ ಕರಾವಳಿಯನ್ನು ಕೊಡಲಿಲ್ಲ. ಇಡೀ ಕೆನರಾ ಜಿಲ್ಲೆ ಈಸ್ಟ್ ಇಂಡಿಯಾ ಕಂಪನಿಗೆ ಹೋಯಿತು. ಮೈಸೂರಿಗೆ ಸಮುದ್ರದ ಬಾಗಿಲು ಮುಚ್ಚಿತು. ಮತ್ತೆ ಹೊರಗಿನವರ ನೆರವು ಪಡೆಯಬಾರದು ಎನ್ನುವುದೇ ಇದರ ಹಿಂದಿನ ಎಣಿಕೆ ಎಂದು ಊಹಿಸುವುದು ಕಷ್ಟವಲ್ಲ.

ಆಮೇಲಿನ 157 ವರ್ಷ ಮಂಗಳೂರು ಮದ್ರಾಸಿನವರ ಆಡಳಿತದಲ್ಲಿತ್ತು. ಉತ್ತರ ಕನ್ನಡ 1862ರಲ್ಲಿ ಬೊಂಬಾಯಿಗೆ ಸೇರಿತು. ನನ್ನ ಪ್ರಕಾರ ಇಂದಿನ ಸಮಸ್ಯೆಯ ಬೇರು ಇರುವುದು ಈ ಅವಧಿಯಲ್ಲೇ. ಯಾಕೆಂದರೆ ರೈಲು ಬಂದದ್ದು ಆಗಲೇ, ಅದು ಯಾವ ಕಡೆಗೆ ಹೋಗಬೇಕು ಎಂದು ತೀರ್ಮಾನವಾದದ್ದೂ ಆಗಲೇ.

ವರ್ಷಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ. ಬೆಂಗಳೂರಿನ ದಂಡು ಪ್ರದೇಶಕ್ಕೆ ಮದ್ರಾಸ್ ಕಡೆಯ ರೈಲು ಬಂದದ್ದು 1864ರಲ್ಲಿ. ಬೆಂಗಳೂರಿನಿಂದ ಮೈಸೂರಿಗೆ 1880ರ ದಶಕದ ಆರಂಭದಲ್ಲಿ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ, ಅದೂ ಕೇರಳದ ಕಡೆಯಿಂದ, ಮದ್ರಾಸಿನ ಜಾಲಕ್ಕೆ ಸೇರಿಕೊಂಡು. ಮಂಗಳೂರಿನಿಂದ ಹಾಸನಕ್ಕೆ ರೈಲು? 1979. ಮೈಸೂರು ಮದ್ರಾಸಿಗೆ ಸೇರಿ ಸುಮಾರು ನೂರು ವರ್ಷವಾದ ಮೇಲೆ ಮಂಗಳೂರಿಗೆ ಸೇರಿತು. ಅಷ್ಟು ಹೊತ್ತಿಗೆ ದಲ್ಲಾಳಿಗಳು, ಗೋದಾಮುಗಳು, ಬ್ಯಾಂಕಿನ ವ್ಯವಹಾರ, ಲಾರಿ ಕಂಪನಿಗಳು ಎಲ್ಲವೂ ಪೂರ್ವಕ್ಕೆ ತಿರುಗಿ ಕೂತಿದ್ದವು.

ಮೈಸೂರಿನವರು ಸುಮ್ನೆ ಕೂತಿರಲಿಲ್ಲ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಭಟ್ಕಳದಲ್ಲಿ ಮೈಸೂರಿಗೊಂದು ಬಂದರು ಬೇಕು ಎಂಬ ಪ್ರಯತ್ನ ನಡೆಯಿತು. ಭಟ್ಕಳ ಇದ್ದದ್ದು ಬೊಂಬಾಯಿ ಸರ್ಕಾರದ ನೆಲದಲ್ಲಿ. ಅದು ಕೈಗೂಡಲಿಲ್ಲ.

ಮಂಗಳೂರು ಈ ಅವಧಿಯಲ್ಲಿ ತನ್ನದೇ ದಾರಿಯಲ್ಲಿ ಬೆಳೆಯಿತು. 1834ರಲ್ಲಿ ಬಾಸೆಲ್ ಮಿಷನ್ ಬಂತು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ಅಲ್ಲೇ ಹುಟ್ಟಿತು. 1865ರಲ್ಲಿ ಹೆಂಚಿನ ಕಾರ್ಖಾನೆ ಶುರುವಾಯಿತು. ಕಾಫಿ ಸಂಸ್ಕರಣೆ, ಗೇರುಬೀಜದ ಕೆಲಸ ಸಾವಿರಾರು ಜನಕ್ಕೆ ಅನ್ನ ಕೊಟ್ಟವು. ಆದರೆ ಬಂದರು ಮಾತ್ರ ಹಳೆಯದೇ. ಅಳಿವೆಯಲ್ಲಿ ಮರಳು ತುಂಬಿಕೊಳ್ಳುತ್ತಿತ್ತು. ಉಗಿ ಹಡಗುಗಳು ಒಳಗೆ ಬರಲಾಗದೆ ದೂರದಲ್ಲಿ ಲಂಗರು ಹಾಕುತ್ತಿದ್ದವು. ದಕ್ಕೆಯಿಂದ ದೋಣಿಗಳಲ್ಲಿ ಸರಕು ಸಾಗಿಸಿ ಹಡಗಿಗೆ ಏರಿಸಬೇಕಿತ್ತು. ಮಳೆಗಾಲ ಬಂತೆಂದರೆ ಬಂದರು ಬಂದ್.

ಪಣಂಬೂರು: ಪೆಟ್ಟಿಗೆಗಾಗಿ ಕಟ್ಟಿದ ಬಂದರಲ್ಲ

1956ರಲ್ಲಿ ಮಂಗಳೂರು, ಮೈಸೂರು ಎರಡೂ ಒಂದೇ ರಾಜ್ಯಕ್ಕೆ ಸೇರಿದವು. ಹಳೆ ಬಂದರಿನ ಉತ್ತರಕ್ಕೆ ಪಣಂಬೂರಿನಲ್ಲಿ ನೆಲ ಅಗೆದು, ಕಾಲುವೆ ತೋಡಿ, ಅಲೆತಡೆ ಕಟ್ಟಿ ಹೊಸ ಬಂದರು ಮಾಡಿದರು. 1974ರ ಮೇ 4ರಂದು ಅದು ದೇಶದ ಒಂಬತ್ತನೇ ಪ್ರಧಾನ ಬಂದರಾಯಿತು. 1975ರ ಜನವರಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿ ಉದ್ಘಾಟಿಸಿದರು. ಹಳೆ ಬಂದರು ಈಗ ಮೀನುಗಾರರದ್ದು, ಲಕ್ಷದ್ವೀಪಕ್ಕೆ ಸಾಮಾನು ಹೊರುವ ಮಂಜಿ ಎಂಬ ದೋಣಿಗಳದ್ದು.

ಹೊಸ ಬಂದರಿನ ಮುಖ್ಯ ಕನಸು ಕಬ್ಬಿಣದ ಅದಿರಾಗಿತ್ತು. ಕುದುರೆಮುಖದಲ್ಲಿ ಅದಿರನ್ನು ಪುಡಿ ಮಾಡಿ, ನೀರಿನೊಂದಿಗೆ ಕಲಸಿ, 67 ಕಿಲೋಮೀಟರ್ ಕೊಳವೆಯಲ್ಲಿ ಪಣಂಬೂರಿಗೆ ಹರಿಸುತ್ತಿದ್ದರು. ಇರಾನ್ ಕೊಳ್ಳುತ್ತದೆ ಎಂದು ನಂಬಿ ಕಟ್ಟಿದ ಯೋಜನೆ ಅದು. ಅಲ್ಲಿ 1979ರಲ್ಲಿ ಕ್ರಾಂತಿಯಾಗಿ ಆ ವ್ಯವಹಾರ ಮುರಿದುಬಿತ್ತು. ಬೇರೆ ಗಿರಾಕಿಗಳನ್ನು ಹುಡುಕಿಕೊಂಡು ಗಣಿ ನಡೆಯಿತು. ಕೊನೆಗೆ ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಅಷ್ಟರಲ್ಲಿ ಎಂಆರ್‌ಪಿಎಲ್ ತೈಲ ಶುದ್ಧೀಕರಣ ಕಾರ್ಖಾನೆ ಬಂದಿತ್ತು. ಬಂದರಿನ ಬದುಕು ಕಚ್ಚಾ ತೈಲ, ಅಡುಗೆ ಅನಿಲ, ಕಲ್ಲಿದ್ದಲಿನ ಮೇಲೆ ನಿಂತಿತು.

ಹಾಗೆಂದು ಮಂಗಳೂರು ಬಂದರಿನಿಂದ ಮೈಸೂರಿಗೆ ಉಪಯೋಗವೇ ಇಲ್ಲ ಎಂದುಕೊಂಡರೆ ತಪ್ಪು. ಮಂಗಳೂರಿನಿಂದ ಹಾಸನ, ಮೈಸೂರು ದಾಟಿ ಸೋಲೂರಿನವರೆಗೆ ಅಡುಗೆ ಅನಿಲದ ಕೊಳವೆ ಮಾರ್ಗ ಇದೆ. ಹಡಗಿನಲ್ಲಿ ಪಣಂಬೂರಿಗೆ ಬರುವ ಅನಿಲ ಈ ದಾರಿಯಲ್ಲೇ ಘಟ್ಟ ಹತ್ತಿ ಮೈಸೂರಿಗೆ ಬರುತ್ತದೆ. ಪೆಟ್ರೋಲ್, ಡೀಸೆಲ್‌ಗೂ ಮಂಗಳೂರು–ಹಾಸನ–ಬೆಂಗಳೂರು ಕೊಳವೆ ಇದೆ. ಹರಿಯುವ ಸರಕು ಘಟ್ಟವನ್ನು ಗೆದ್ದಿದೆ. ಸಿಕ್ಕಿಕೊಂಡಿರುವುದು ಪೆಟ್ಟಿಗೆಯ ಸರಕು.

ಖಾಲಿ ಪೆಟ್ಟಿಗೆಯ ಲೆಕ್ಕ

ಈ ಚರ್ಚೆಯಲ್ಲಿ ಎಲ್ಲರೂ ರಸ್ತೆಯ ಬಗ್ಗೆ ಮಾತಾಡುತ್ತಾರೆ. ಖಾಲಿ ಕಂಟೇನರ್ ಬಗ್ಗೆ ಯಾರೂ ಮಾತಾಡುವುದಿಲ್ಲ. ಅದು ರಸ್ತೆಯಷ್ಟೇ ದೊಡ್ಡ ಕಾರಣ.

ಮಂಡ್ಯದಿಂದ ಬೆಲ್ಲ ತುಂಬಿಕೊಂಡು ದೂರದ ಊರಿಗೆ ಹೋದ ಲಾರಿಯನ್ನು ನೆನೆಸಿಕೊಳ್ಳಿ. ವಾಪಸ್ ಬರುವಾಗ ಲೋಡ್ ಸಿಕ್ಕರೆ ಬಾಡಿಗೆ ಕಡಿಮೆ. ಖಾಲಿ ಬರಬೇಕಾದರೆ ಹೋಗುವ ಬಾಡಿಗೆಯಲ್ಲೇ ಎರಡೂ ಕಡೆಯ ಡೀಸೆಲ್ ಸೇರಿಸುತ್ತಾರೆ, ಅಲ್ವಾ? ಕಂಟೇನರ್ ಕತೆಯೂ ಹಾಗೇ. ಚೆನ್ನೈಗೆ ಯಂತ್ರದ ಬಿಡಿಭಾಗ, ಎಲೆಕ್ಟ್ರಾನಿಕ್ಸ್ ಸಾಮಾನು ತುಂಬಿದ ಪೆಟ್ಟಿಗೆಗಳು ಬರುತ್ತವೆ. ಅವುಗಳಲ್ಲಿ ಎಷ್ಟೋ ಬೆಂಗಳೂರಿನ ವೈಟ್‌ಫೀಲ್ಡ್ ಡಿಪೋದವರೆಗೂ ಬಂದು ಖಾಲಿಯಾಗುತ್ತವೆ. ಆ ಖಾಲಿ ಪೆಟ್ಟಿಗೆಗಳು ರಫ್ತಿಗೆ ಸಿಗುತ್ತವೆ. ಮಂಗಳೂರಿಗೆ ಬರುವುದು ಏನು? ತೈಲ, ಅನಿಲ, ಕಲ್ಲಿದ್ದಲು. ಇವು ಪೆಟ್ಟಿಗೆಯಲ್ಲಿ ಬರುವುದಿಲ್ಲ. ಹಾಗಾಗಿ ಅಲ್ಲಿ ತುಂಬಿ ಬಂದು ಖಾಲಿಯಾಗುವ ಪೆಟ್ಟಿಗೆ ಕಡಿಮೆ. ಬೇರೆ ಕಡೆಯಿಂದ ಖಾಲಿ ತರಿಸಬೇಕು. ಅದರ ಖರ್ಚು ಕೊನೆಗೆ ರಫ್ತುದಾರನ ತಲೆಗೇ.

ಎರಡನೆಯದು ಹಡಗು. ದೇಶದ ಮೊದಲ ಕಂಟೇನರ್ ಟರ್ಮಿನಲ್ ಚೆನ್ನೈನಲ್ಲಿ 1983ರಲ್ಲೇ ಆಗಿದೆ. ಅಲ್ಲಿಗೆ ಹೆಚ್ಚು ಹಡಗು ಬರುತ್ತವೆ. ಒಂದು ತಪ್ಪಿದರೆ ಇನ್ನೊಂದು ಬೇಗ ಸಿಗುತ್ತದೆ. ಮಂಗಳೂರಿಗೆ ಬರುವುದು ಹೆಚ್ಚಾಗಿ ಸಣ್ಣ ಹಡಗುಗಳು. ಅವು ಪೆಟ್ಟಿಗೆಗಳನ್ನು ಕೊಲಂಬೊದಂಥ ಕಡೆ ದೊಡ್ಡ ಹಡಗಿಗೆ ದಾಟಿಸುತ್ತವೆ. ಸರಕು ಇದ್ದರೆ ಹಡಗು ಬರುತ್ತದೆ, ಹಡಗು ಬಂದರೆ ಸರಕು ಬರುತ್ತದೆ. ಮರ ಮೊದಲೋ ಬೀಜ ಮೊದಲೋ ಎಂಬ ಸ್ಥಿತಿ.

ಕಾಫಿ ಮಾತ್ರ ಇದಕ್ಕೆ ಹೊರತು. ಕೊಡಗು, ಹಾಸನ, ಚಿಕ್ಕಮಗಳೂರಿನ ಕಾಫಿ ದೊಡ್ಡ ಪ್ರಮಾಣದಲ್ಲಿ ಮಂಗಳೂರಿನಿಂದಲೇ ಹೋಗುತ್ತದೆ. ತೋಟ ಹತ್ತಿರ ಎನ್ನುವುದು ಒಂದು ಕಾರಣ. ಕೊಯ್ಲು, ಸಂಸ್ಕರಣೆ ಮುಗಿದು ಹೆಚ್ಚಿನ ಸಾಗಣೆ ಮಳೆಗಾಲಕ್ಕೆ ಮುಂಚೆಯೇ ನಡೆಯುತ್ತದೆ ಎನ್ನುವುದು ಇನ್ನೊಂದು. ಟೈರು, ಬೈಕು, ಔಷಧಿ ಮಾಡುವವರಿಗೆ ಆ ಅನುಕೂಲ ಇಲ್ಲ. ಅವರು ಜುಲೈನಲ್ಲೂ ಕಳಿಸಬೇಕು.

ಘಟ್ಟ ಎಂಬ ಗೋಡೆ

ಮೈಸೂರಿನಿಂದ ಮಂಗಳೂರಿಗೆ ರಸ್ತೆಯಲ್ಲಿ ಇಳಿಯಲು ಮುಖ್ಯವಾಗಿ ಎರಡು ದಾರಿ. ಒಂದು, ಹುಣಸೂರು, ಕುಶಾಲನಗರ, ಮಡಿಕೇರಿ, ಸಂಪಾಜೆ, ಸುಳ್ಯ. ಇನ್ನೊಂದು, ಹಾಸನ, ಸಕಲೇಶಪುರ, ಶಿರಾಡಿ. 2018ರ ಆಗಸ್ಟ್‌ನಲ್ಲಿ ಮಡಿಕೇರಿ–ಸಂಪಾಜೆ ನಡುವೆ ಗುಡ್ಡ ಕುಸಿದು ಊರುಗಳೇ ನೆಲಸಮವಾದವು. ಶಿರಾಡಿಯಲ್ಲಿ ದೋಣಿಗಲ್ ಸುತ್ತಮುತ್ತ ಮಳೆಗಾಲ ಬಂದರೆ ಮಣ್ಣು ಜಾರುವುದು ಮಾಮೂಲಿಯಾಗಿದೆ.

ರೈಲಿನ ಸ್ಥಿತಿಯೂ ಸುಲಭದ್ದಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆ ನಿಲ್ದಾಣದವರೆಗೆ ಸುಮಾರು 55 ಕಿಲೋಮೀಟರ್ ಘಟ್ಟ. 57 ಸುರಂಗ. 50 ಮೀಟರ್ ಹೋದರೆ ಒಂದು ಮೀಟರ್ ಏರು. ಭಾರದ ರೈಲಿಗೆ ಹಿಂದಿನಿಂದ ಹೆಚ್ಚುವರಿ ಎಂಜಿನ್ ಹಾಕಿ ನೂಕಬೇಕು. ಹಳಿ ಒಂದೇ. ಹತ್ತುವ ರೈಲು ದಾಟುವವರೆಗೆ ಇಳಿಯುವ ರೈಲು ನಿಂತಿರಬೇಕು. 1996ರಲ್ಲಿ ಬ್ರಾಡ್‌ಗೇಜ್ ಮಾಡಲು ಮುಚ್ಚಿದ ಈ ಮಾರ್ಗ ಪ್ರಯಾಣಿಕರಿಗೆ ಮತ್ತೆ ತೆರೆದದ್ದು 2007ರ ಡಿಸೆಂಬರ್‌ನಲ್ಲಿ. ಚೆನ್ನೈನಲ್ಲಿ ಕಂಟೇನರ್ ವ್ಯಾಪಾರ ದಾಪುಗಾಲು ಹಾಕುತ್ತಿದ್ದ ಕಾಲವೇ ಅದು. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಭೂಕುಸಿತವಾಗಿ ಪ್ರಯಾಣಿಕರ ರೈಲುಗಳು ಹತ್ತು ದಿನಕ್ಕೂ ಜಾಸ್ತಿ ನಿಂತವು. ಹಡಗು ಮಾತ್ರ ಯಾರಿಗಾಗಿಯೂ ಹತ್ತು ದಿನ ಕಾಯುವುದಿಲ್ಲ.

ಬೇಡಿಕೆ ಒಂದು, ಆತಂಕ ಇನ್ನೊಂದು

ಉದ್ಯಮದವರ ಮಾತು ಸರಳ. ಹನ್ನೆರಡು ತಿಂಗಳೂ ತೆರೆದಿರುವ ದಾರಿ ಕೊಡಿ, ಸರಕು ನಾವು ಕೊಡುತ್ತೇವೆ. ಮಂಗಳೂರಿನವರಿಗೂ ಅದೇ ಆಸೆ. ಬಂದರಿಗೆ ಘಟ್ಟದ ಮೇಲಿನ ಸರಕು ಬಂದರೆ ತೈಲ, ಕಲ್ಲಿದ್ದಲಿನ ಮೇಲಿನ ಅವಲಂಬನೆ ತಗ್ಗುತ್ತದೆ. ರಫ್ತುದಾರರಲ್ಲೇ ಇನ್ನೊಂದು ಗುಂಪಿದೆ. ಬಂದರು ಯಾವುದಾದರೇನು, ಖರ್ಚು ಕಡಿಮೆ ಆಗಿ ಸಮಯಕ್ಕೆ ಮುಟ್ಟಿದರೆ ಸಾಕು ಎನ್ನುತ್ತದೆ ಅದು. ವ್ಯಾಪಾರದ ದೃಷ್ಟಿಯಿಂದ ಅದರಲ್ಲೂ ತಪ್ಪೇನಿಲ್ಲ.

ಕೊಡಗಿನವರ ಆತಂಕವೇ ಬೇರೆ. ವಿದ್ಯುತ್ ಮಾರ್ಗಕ್ಕಾಗಿ ಸಾವಿರಾರು ಮರ ಹೋದದ್ದನ್ನು, 2018ರ ಕುಸಿತವನ್ನು ಅವರು ಮರೆತಿಲ್ಲ. ರೈಲು, ಅಗಲದ ರಸ್ತೆ ಬಂದರೆ ಗುಡ್ಡ ಇನ್ನಷ್ಟು ಸಡಿಲವಾಗುತ್ತದೆ ಎನ್ನುತ್ತಾರೆ. ಇದನ್ನು ಕೊಡಗಿನ ಜಗಳ ಎಂದು ಮಂಡ್ಯದವರು ದೂರ ಇಡುವಂತಿಲ್ಲ. ಕೊಡಗಿನಲ್ಲಿ ಬಿದ್ದ ಮಳೆ ಕಾಡಿನ ನೆಲದಲ್ಲಿ ಇಂಗಿ, ನಿಧಾನವಾಗಿ ಕಾವೇರಿಗೆ ಬಂದು ಕೆಆರ್‌ಎಸ್ ಸೇರುತ್ತದೆ. ಕಾಡು ತೆಳುವಾದರೆ ಮಳೆಗಾಲದಲ್ಲಿ ನೀರು ಒಮ್ಮೆಲೇ ನುಗ್ಗುತ್ತದೆ, ಬೇಸಿಗೆಯಲ್ಲಿ ಹೊಳೆ ಬತ್ತುತ್ತದೆ. ಆಗ ವಿಶ್ವೇಶ್ವರಯ್ಯ ನಾಲೆಯ ಕಬ್ಬು, ಭತ್ತದ ಗತಿ ಏನು? ಬಂದರಿಗೆ ಹೋಗುವ ರಸ್ತೆಯ ಪ್ರಶ್ನೆ ಮಂಡ್ಯದ ಗದ್ದೆಯವರೆಗೂ ಬರುತ್ತದೆ.

ಹೆದ್ದಾರಿ ಬಂದರೆ ಏನಾಗುತ್ತದೆ

2023ರ ಮಾರ್ಚ್ 12ರಂದು ಮಂಡ್ಯದಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ದಿನವೇ ಮೈಸೂರು–ಕುಶಾಲನಗರ ಹೆದ್ದಾರಿಗೂ ಶಂಕುಸ್ಥಾಪನೆಯಾಯಿತು. ಉದ್ದ 92 ಕಿಲೋಮೀಟರ್, ಅಂದಾಜು 4,130 ಕೋಟಿ ರೂಪಾಯಿ. ಕುಶಾಲನಗರಕ್ಕೆ ರೈಲು ಹಾಕುವ ಮಾತೂ ಇದೆ, ಸುಮಾರು 87 ಕಿಲೋಮೀಟರ್.

ನಕ್ಷೆ ತೆಗೆದು ನೋಡಿದರೆ ಎರಡೂ ನಿಲ್ಲುವುದು ಘಟ್ಟದ ಮೇಲೇ. ಹುಣಸೂರು, ಪಿರಿಯಾಪಟ್ಟಣದ ಜನಕ್ಕೆ ಓಡಾಟ ಸಲೀಸಾಗುತ್ತದೆ. ಹೊಗೆಸೊಪ್ಪು, ಶುಂಠಿ ಮೈಸೂರಿಗೆ ಬೇಗ ಬರುತ್ತವೆ. ಮಡಿಕೇರಿಗೆ ಪ್ರವಾಸಿಗರ ಕಾರು ಹೆಚ್ಚುತ್ತವೆ. ಕಂಟೇನರ್ ಲಾರಿಗೆ? ಅದು ಕುಶಾಲನಗರಕ್ಕೆ ಬೇಗ ತಲುಪುತ್ತದೆ, ಆಮೇಲೆ ಅದೇ ತಿರುವು, ಅದೇ ಮಳೆ. ಇಕ್ಕಟ್ಟು ಹೋಗುವುದಿಲ್ಲ, ಜಾಗ ಬದಲಿಸುತ್ತದೆ. ಆಗ ‘ಇಷ್ಟು ಖರ್ಚಾಗಿದೆ, ಉಳಿದದ್ದನ್ನೂ ಅಗಲ ಮಾಡಿ’ ಎಂಬ ಒತ್ತಡ ಮಡಿಕೇರಿ–ಸಂಪಾಜೆ ಮೇಲೆ ಬೀಳುವ ಸಾಧ್ಯತೆ ಬಹಳ. ನನಗೆ ಅತಿ ಹೆಚ್ಚು ಭಯ ಹುಟ್ಟಿಸುವುದು ಅದೇ. 2018ರಲ್ಲಿ ಕುಸಿದ ಗುಡ್ಡವನ್ನು ಭಾರದ ಲಾರಿಗಾಗಿ ಮತ್ತೆ ಕಡಿಯಬಾರದು.

ಹಾಗಾದರೆ ಪೆಟ್ಟಿಗೆ ಇಳಿಯುವುದು ಎಲ್ಲಿ? ಈಗಾಗಲೇ ಇರುವ ಹಾಸನದ ರೈಲು ದಾರಿಯೇ ಇದ್ದುದರಲ್ಲಿ ಸರಿಯಾದದ್ದು. ಅಲ್ಲೂ ಕಾಡಿದೆ, ಅಲ್ಲೂ ಗುಡ್ಡ ಜಾರುತ್ತದೆ. ಹಳಿ ಜೋಡಿ ಮಾಡಲು ಹೊರಟರೆ ಅಲ್ಲೂ ಮರ ಹೋಗುತ್ತವೆ. ಆದರೆ ಒಂದು ರೈಲು 90 ಪೆಟ್ಟಿಗೆ ಒಯ್ಯುತ್ತದೆ, ಅಷ್ಟಕ್ಕೆ ಹತ್ತಾರು ಲಾರಿ ಬೇಕು. ಇರುವ ಹಳಿಯ ಬದಿಯ ಇಳಿಜಾರುಗಳನ್ನು ಭದ್ರ ಮಾಡಿ, ರೈಲುಗಳು ಒಂದನ್ನೊಂದು ದಾಟುವ ಜಾಗ ಹೆಚ್ಚಿಸಿ, ಕಡಕೊಳದಿಂದ ಮಂಗಳೂರಿಗೆ ವಾರಕ್ಕೆ ಗೊತ್ತಾದ ದಿನ ಒಂದು ರೈಲು ಹೊರಡುವಂತೆ ಮಾಡಿದರೂ ಸಾಕಷ್ಟು ಬದಲಾವಣೆ ಆಗುತ್ತದೆ. ತುಂಬಲಿ ಬಿಡಲಿ ಹೊರಡುತ್ತದೆ ಎಂಬ ನಂಬಿಕೆ ಬಂದರೆ ರಫ್ತುದಾರ ಅದನ್ನು ಲೆಕ್ಕಕ್ಕೆ ಹಿಡಿಯುತ್ತಾನೆ. ಮೊದಲ ಕೆಲವು ವರ್ಷ ನಷ್ಟ ಹೊರುವವರು ಬೇಕು. ಅದು ರೈಲ್ವೆಯೋ, ಬಂದರೋ, ರಾಜ್ಯ ಸರ್ಕಾರವೋ ಎನ್ನುವುದು ತೀರ್ಮಾನವಾಗಬೇಕು.

ಹಡಗಿನ ಕಡೆಯಿಂದಲೂ ಒಂದು ಬದಲಾವಣೆ ಬಂದಿದೆ. ಕೇರಳದ ವಿಳಿಂಜಂ ಬಂದರು 2025ರ ಮೇ ತಿಂಗಳಲ್ಲಿ ಅಧಿಕೃತವಾಗಿ ಆರಂಭವಾಯಿತು. ಅಲ್ಲಿ ಸಹಜವಾಗಿಯೇ ಆಳದ ನೀರಿದೆ. ಅತಿ ದೊಡ್ಡ ಹಡಗುಗಳು ನೇರ ಬರುತ್ತವೆ. ಮಂಗಳೂರಿನ ಸಣ್ಣ ಹಡಗು ಕೊಲಂಬೊ ಬದಲು ವಿಳಿಂಜಂನಲ್ಲಿ ಪೆಟ್ಟಿಗೆ ದಾಟಿಸಿದರೆ ದಿನವೂ ಹಣವೂ ಉಳಿಯಬಹುದು. ಯುರೋಪಿಗೆ ಹೋಗುವ ಸರಕು ಪಶ್ಚಿಮ ಕರಾವಳಿಯಿಂದ ಹೊರಟರೆ ಶ್ರೀಲಂಕಾ ಸುತ್ತುವುದೂ ತಪ್ಪುತ್ತದೆ. ಇದೇ ಅನುಕೂಲ ಇನ್ನೊಂದು ಕಡೆಯೂ ಎಳೆಯಬಲ್ಲದು: ಮೈಸೂರಿನ ಲಾರಿ ಮಂಗಳೂರನ್ನು ಬಿಟ್ಟು ನೇರ ಕೇರಳಕ್ಕೇ ಹೋಗಬಹುದು. ಬಂಡೀಪುರದ ದಾರಿಯಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿಷೇಧ ಇರುವುದರಿಂದ ಅದಕ್ಕೂ ಒಂದು ಮಿತಿ ಇದೆ.

ಖಾಲಿ ಪೆಟ್ಟಿಗೆಯ ಪ್ರಶ್ನೆಗೆ ಉತ್ತರ ಮಂಗಳೂರಿಗಿಂತ ಮೈಸೂರಿನಲ್ಲೇ ಇದೆ. ಇಲ್ಲಿನ ಕಾರ್ಖಾನೆಗಳು ತರಿಸುವ ರಬ್ಬರ್, ರಾಸಾಯನಿಕ, ಯಂತ್ರದ ಭಾಗಗಳಲ್ಲಿ ಒಂದು ಪಾಲಾದರೂ ಪಣಂಬೂರಿನ ಮೂಲಕ ಬಂದರೆ, ಆ ಪೆಟ್ಟಿಗೆಗಳು ಕಡಕೊಳದಲ್ಲಿ ಖಾಲಿಯಾಗುತ್ತವೆ, ಅಲ್ಲೇ ಮತ್ತೆ ತುಂಬುತ್ತವೆ. ಹೋಗುವ ರೈಲಿಗೂ ಬರುವ ರೈಲಿಗೂ ಲೋಡ್ ಸಿಗುತ್ತದೆ. ಅಲ್ಲಿಯವರೆಗೆ, ಕುಶಾಲನಗರದವರೆಗೆ ಎಷ್ಟೇ ಅಗಲದ ರಸ್ತೆ ಆದರೂ ಜುಲೈ ತಿಂಗಳಲ್ಲಿ ನಂಜನಗೂಡಿನಿಂದ ಹೊರಡುವ ಪೆಟ್ಟಿಗೆ ಚೆನ್ನೈ ದಾರಿಯನ್ನೇ ಹಿಡಿಯುತ್ತದೆ.